ಹಿಂದಿನ ಸೀಟಿನ ಅಳತೆ

“ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ” ಎಂದಳು ಹೆಂಡತಿ. ನಿಂತ. ನಿಂತರೆ ತನ್ನ ಗಂಟೇನು ಹೋಗುತ್ತದೆ, ನೋಡೇಬಿಡೋಣ ಎಂದು ಎದೆ ಸೆಟೆಸಿ, ಮೂವತ್ತು ವರ್ಷ ಸಮವಸ್ತ್ರದೊಳಗೆ ನಿಂತಿದ್ದ ಹಾಗೆಯೇ ನಿಂತ. ಅವಳು ಮಂಡಿಯೂರಿ ಕೂತು ಟೇಪಿನ ಒಂದು ತುದಿಯನ್ನು ಅವನ ಸೊಂಟದ ಮೂಳೆಗೆ ಒತ್ತಿ ಹಿಡಿದು ಇನ್ನೊಂದನ್ನು ಮಂಡಿಯವರೆಗೆ ಎಳೆದಳು. ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಪೆನ್ಸಿಲನ್ನು ತೆಗೆದು ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಬರೆದುಕೊಂಡಳು. ಮಂಡಿಯಿಂದ ಹಿಮ್ಮಡಿಗೆ ಇಪ್ಪತ್ತೊಂದು. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅವಳು ಬಟ್ಟೆ ಕತ್ತರಿಸುವವಳು. ಊರಿನ ಅರ್ಧ ಪೊಲೀಸರು, ನರ್ಸುಗಳು, ಶಾಲೆಯ ಮಕ್ಕಳು ಅವಳ ಕತ್ತರಿಯ ಕೆಳಗಿಂದಲೇ ಹಾದು ಹೋದವರು. ತನ್ನನ್ನು ಮಾತ್ರ ಅವಳು ಅಳೆದದ್ದು ಇದೇ ಮೊದಲು ಎಂಬುದು ಅವನಿಗೆ ಈಗ ಹೊಳೆಯಿತು. ಅಂಗಡಿಯವನು ನೇತುಹಾಕಿದ ಪ್ಯಾಂಟನ್ನೇ ತೊಟ್ಟುಕೊಂಡು ಅರವತ್ತೆರಡು ವರ್ಷ ದಾಟಿಸಿದವನು ಅವನು. “ಹೆಣಕ್ಕೂ ಹೀಗೇ ಅಳತೆ ತೆಗೀತಾರೆ” ಎಂದ, ಅವಳಿಗೆ ಚುಚ್ಚಲಿ ಎಂದೇ. “ಹೆಣ ಹಿಂದಿನ ಸೀಟಲ್ಲಿ ಕೂರಲ್ಲ” ಎಂದಳು ಅವಳು, ತಲೆ ಎತ್ತದೆ. ಟೇಪು ಈಗ ಅವನ ತೊಡೆಯ ಸುತ್ತ ಬಂದಿತ್ತು. ಅವಳ ಬೆರಳುಗಳು ತಣ್ಣಗಿದ್ದವು.

ಬೈಕು ಕೊಳ್ಳುವುದೆಂದು ಅವಳು ತೀರ್ಮಾನಿಸಿ ಮೂರು ವಾರವಾಗಿತ್ತು. ಕೇಳಿದ್ದಲ್ಲ, ತೀರ್ಮಾನಿಸಿದ್ದು. ಭಾವಮೈದ ಬಂದು ಸೋಫಾದ ತುದಿಯಲ್ಲಿ ಕೂತು, “ಅಕ್ಕಾ, ಸ್ಕೂಟರ್ ತಗೋ, ಗೇರಿಲ್ಲ, ತಂಟೆಯಿಲ್ಲ” ಎಂದು ಶುರು ಮಾಡಿ, ಆಮೇಲೆ ದನಿ ತಗ್ಗಿಸಿ ಇವನ ಕಡೆ ತಿರುಗಿ, “ಭಾವ, ಹತ್ತು ಜನ ನೋಡ್ತಾರೆ. ನಿಮ್ಮಂಥೋರು ಹೆಂಡತಿ ಹಿಂದೆ ಕೂತ್ಕೊಂಡು ಹೋಗೋದಂದ್ರೆ... ಒಂದು ಕಾರು ಗೊತ್ತು ಮಾಡಿದ್ರಾಯ್ತಲ್ಲ” ಎಂದಿದ್ದ. ಅಲ್ಲಿಯವರೆಗೆ ಇವನಿಗೂ ಅದೇ ಅನ್ನಿಸಿತ್ತು. ರಾತ್ರಿಯೆಲ್ಲ ಅದನ್ನೇ ಹೊರಳಿಸಿ ಹೊರಳಿಸಿ ನೋಡಿದ್ದ. ಆದರೆ ಆ ಮಾತು ಭಾವಮೈದನ ಬಾಯಿಂದ ಬಂದದ್ದೇ ತಡ, ಮೈಯೆಲ್ಲ ಉರಿದು, “ಕೂರ್ತೀನಿ. ಎರಡೂ ಕಡೆ ಕಾಲು ಹಾಕ್ಕೊಂಡು ಕೂರ್ತೀನಿ. ನಿನಗೇನು ಕಷ್ಟ?” ಎಂದುಬಿಟ್ಟ. ಅಡುಗೆಮನೆಯಲ್ಲಿದ್ದ ಹೆಂಡತಿಗೂ ಇದು ಕೇಳಿಸಿತು. ಪಾತ್ರೆಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಹೀಗೆ, ಇನ್ನೊಬ್ಬರ ಮೇಲಿನ ಹಟಕ್ಕೆ ಒಪ್ಪಿಕೊಂಡ ಕೆಲಸ ಇದು. ಅವನ ಬದುಕಿನಲ್ಲಿ ಅಂಥವೇ ಹೆಚ್ಚು.

ಕಣ್ಣಿನ ಡಾಕ್ಟರು ಸಮಾಧಾನದಿಂದಲೇ ಹೇಳಿದ್ದರು: ನೇರ ನೋಡೋದು ಸರಿಯಿದೆ, ಪಕ್ಕ ಹೋಗಿದೆ. ಪಕ್ಕ ಹೋಗಿದೆ ಎಂದರೆ ಏನೆಂದು ಅವನಿಗೆ ಗೊತ್ತಾದದ್ದು ನಿಂತ ಕೈಗಾಡಿಯೊಂದಕ್ಕೆ ಬೈಕು ಗುದ್ದಿದ ದಿನ. ಕೈಗಾಡಿ ಅಲ್ಲಿ ಇರಲೇ ಇಲ್ಲ, ಗುದ್ದಿದ ಮೇಲೆ ಇತ್ತು. ಈಗ ಎದುರಿನ ಗಡಿಯಾರ ಕಾಣುತ್ತದೆ, ಅದರ ಕೆಳಗಿನ ಕುರ್ಚಿ ಕಾಣುವುದಿಲ್ಲ. ಮಾತಾಡುವವರ ಮೂಗು ಕಾಣುತ್ತದೆ, ಚಾಚಿದ ಕೈ ಕಾಣುವುದಿಲ್ಲ. ಒಂದು ಕೊಳವೆಯೊಳಗಿಂದ ಲೋಕವನ್ನು ನೋಡಿದ ಹಾಗೆ. ಲೈಸೆನ್ಸನ್ನು ಯಾರೂ ಕಿತ್ತುಕೊಳ್ಳಲಿಲ್ಲ. ತಾನೇ ಹೋಗಿ, ತಾನೇ ಮೂವತ್ತು ವರ್ಷ ಕೂತಿದ್ದ ಕಚೇರಿಯ ಕೌಂಟರಿನಲ್ಲಿ, ಸರತಿಯಲ್ಲಿ ನಿಂತು ಒಪ್ಪಿಸಿ ಬಂದಿದ್ದ. ಆ ಕಚೇರಿಯಲ್ಲಿ ಅವನು ನಿವೃತ್ತಿಯಾಗುವವರೆಗೆ ಲೈಸೆನ್ಸ್ ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರ್ ಆಗಿದ್ದ. ಹಿಂದಿನ ಮೈದಾನದಲ್ಲಿ ಸುಣ್ಣದಿಂದ ಬರೆದ ದೊಡ್ಡ ಎಂಟು. ಅದರ ಗೆರೆಯ ಮೇಲೆ ಕಾಲು ನೆಲಕ್ಕೆ ತಾಕಿಸದೆ ಬೈಕು ಓಡಿಸಬೇಕು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಜನರ ಕಾಲುಗಳನ್ನೇ ನೋಡುತ್ತ ನಿಂತವನಿಗೆ ಊರು ಎಂಟಪ್ಪ ಎಂದು ಹೆಸರಿಟ್ಟಿತ್ತು. ಸಾವಿರಾರು ಕಾಲು. ಬೂಟಿನವು, ಚಪ್ಪಲಿಯವು, ನಡುಗುವವು, ಜಂಬದವು. ಈಗ ಅವನಿಗೆ ತನ್ನ ಕಾಲೇ ಕಾಣುವುದಿಲ್ಲ, ಬಗ್ಗಿ ನೋಡದ ಹೊರತು.

ಬೈಕಿನ ಮಾತಿಗೂ ಮೊದಲು, ಒಂದು ರಾತ್ರಿ, ತನ್ನ ಹೊಸ ಲೈಸೆನ್ಸ್ ಕಾರ್ಡನ್ನು ಅವಳು ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಪಕ್ಕ ಇಟ್ಟಿದ್ದಳು. ಇವನಿಗೆ ಪಕ್ಕ ಕಾಣದ್ದರಿಂದ ಊಟ ಮುಗಿಯುವವರೆಗೆ ಗೊತ್ತಾಗಲಿಲ್ಲ. “ನಾನು ಪಾಸಾದೆ” ಎಂದಾಗಲೇ ತಡಕಾಡಿ ಎತ್ತಿಕೊಂಡು ಕಣ್ಣಿನೆದುರು ಹಿಡಿದ. ಅವಳ ಫೋಟೋ, ತುಟಿ ಬಿಗಿಹಿಡಿದು. ಐವತ್ತಾರನೆಯ ವಯಸ್ಸಿನಲ್ಲಿ, ಮೂರು ತಿಂಗಳು, ಕಾರ್ಖಾನೆಯ ಗೆಳತಿಯ ಗಂಡನ ಬೈಕಿನಲ್ಲಿ, ಭಾನುವಾರದ ಬೆಳಗುಗಳಲ್ಲಿ ಮತ್ತೆ ಮೊದಲಿಂದ ಕಲಿತಿದ್ದಳಂತೆ. ಗೇರಿನ ಬೈಕು. ಅವನ ಬಾಯಿಂದ ಬಂದ ಮೊದಲ ಮಾತು: “ಯಾರು ಪರೀಕ್ಷೆ ತಗೊಂಡದ್ದು?” ಭಲೇ, ಒಳ್ಳೆಯದು, ಎಂದೋ ಮಾಡಬೇಕಿತ್ತು ಎಂಬ ಯಾವ ಮಾತೂ ಅಲ್ಲ. ಯಾರು ತಗೊಂಡದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ. ಅವಳು ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತ, “ಯಾರೋ ಒಬ್ರು. ನೆಂಟರಲ್ಲ” ಎಂದಿದ್ದಳು.

ಷೋರೂಮಿಗೆ ಬಸ್ಸಿನಲ್ಲಿ ಹೋದರು. ಇಳಿಯುವಾಗ ಅವಳು ಮೊದಲಿಳಿದು ಮೊಳಕೈ ಚಾಚಿದಳು. ಅವನು ಹಿಡಿಯದೆ ಇಳಿದು, ಮೆಟ್ಟಿಲು ತಪ್ಪಿ, ಮುಗ್ಗರಿಸಿ, ಏನೂ ಆಗದವನ ಹಾಗೆ ಮುಂದೆ ನಡೆದ. ಗಾಜಿನ ಬಾಗಿಲಾಚೆ ಬೈಕುಗಳು ಸಾಲಾಗಿ ಒಂದೇ ಕಡೆಗೆ ವಾಲಿಕೊಂಡು ನಿಂತಿದ್ದವು. ಅವನ ಕೊಳವೆಗೆ ಒಂದು ಸಲಕ್ಕೆ ಒಂದು ಹೆಡ್‌ಲೈಟು ಮಾತ್ರ ಸಿಕ್ಕುತ್ತಿತ್ತು. ಹೊಸ ಟೈರಿನ ವಾಸನೆ ಮಾತ್ರ ಪೂರ್ತಿ ಸಿಕ್ಕಿತು, ಎಡಬಲ ಎರಡೂ ಕಡೆಯಿಂದ. ನಲವತ್ತು ದಾಟಿದ ಸೇಲ್ಸ್‌ಮನ್ ಕೈಯುಜ್ಜುತ್ತ ಬಂದು, “ಬನ್ನಿ ಸಾರ್, ಸಾರ್ ಗಟ್ಟಿ ಆಳು, ಸಾರ್‌ಗೆ ದೊಡ್ಡ ಗಾಡೀನೇ ಬೇಕು” ಎಂದು ಶುರು ಮಾಡಿದ. “ಓಡಿಸೋದು ನಾನು” ಎಂದಳು ಹೆಂಡತಿ. “ಸರಿ ಮೇಡಂ” ಎಂದು, ಮತ್ತೆ ಇವನ ಕಡೆಗೇ ತಿರುಗಿ, “ಮೈಲೇಜು ಎಷ್ಟು ಬೇಕು ಸಾರ್?” ಎಂದ. ಇವನಿಗೆ ಒಳಗೇ ಒಂದು ಕೆಟ್ಟ ಸಂತೋಷವಾಯಿತು, ನಾಚಿಕೆಯೂ ಆಯಿತು, ಸಂತೋಷವೇ ಒಂದು ಕೂದಲು ಹೆಚ್ಚು. “ಅವಳನ್ನ ಕೇಳಿ” ಎನ್ನಲು ಬಾಯಿ ತೆರೆದವನು, “ಎಷ್ಟು ಕೊಡುತ್ತೆ?” ಎಂದು ಕೇಳಿದ.

ಹೆಂಡತಿ ಅಷ್ಟರಲ್ಲಿ ಕೈಚೀಲದಿಂದ ಟೇಪು ತೆಗೆದಿದ್ದಳು. ಮೊದಲನೆಯದು ಕೆಂಪು ಬಣ್ಣದ್ದು. ಅದರ ಹಿಂದಿನ ಸೀಟು ಅಂಗೈಯಗಲ, ಅದೂ ಆಕಾಶಕ್ಕೆ ಮುಖ ಮಾಡಿ. ಅವಳು ಅಳೆದು, “ಒಂಬತ್ತು ಇಂಚು. ಇದರಲ್ಲಿ ಬೆಕ್ಕು ಕೂರಬಹುದು” ಎಂದಳು. “ಇದು ಯಂಗ್‌ಸ್ಟರ್ಸ್ ಗಾಡಿ ಮೇಡಂ, ಹಿಂದೆ ಕೂತೋರು ಮುಂದಿನವರನ್ನ ತಬ್ಬಿಕೊಂಡೇ ಇರಬೇಕು” ಎಂದು ಸೇಲ್ಸ್‌ಮನ್ ನಕ್ಕ. ಅವಳು ನಗಲಿಲ್ಲ. ಇವನಿಗೆ ಅವಳು ಇಷ್ಟು ವರ್ಷ ತನ್ನ ಹಿಂದೆ ಕೂತದ್ದು ನೆನಪಾಯಿತು. ಒಂದೇ ಕಡೆಗೆ ಎರಡೂ ಕಾಲು ಇಳಿಬಿಟ್ಟು, ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದು ಕೈ ಇವನ ಹೆಗಲ ಮೇಲಲ್ಲ, ಸೀಟಿನ ಅಡಿಯ ಕಬ್ಬಿಣದ ಮೇಲೆ. ಅವಳಿಗೆ ಹಿಂದಿನ ಸೀಟು ಹೇಗಿತ್ತು ಎಂದು ಒಮ್ಮೆಯಾದರೂ ಕೇಳಿದ್ದೆನೇ? ಬೈಕು ಬದಲಿಸಿದ್ದು ಮೂರು ಸಲ. ಮೂರು ಸಲವೂ ಮುಂದೆ ಕೂತು ನೋಡಿ ಕೊಂಡದ್ದು. ಎರಡನೆಯದರ ಸೈಲೆನ್ಸರ್ ತಾಗಿ ಅವಳ ಹಿಮ್ಮಡಿಯ ಮೇಲೆ ಸುಟ್ಟ ಕಲೆಯಾಗಿ, ಅದು ಇವತ್ತಿಗೂ ಇದೆ. ಅವಳು ಆಗ ಹೇಳಿದ್ದು, ಚಪ್ಪಲಿ ಬದಲಿಸಿದರೆ ಆಯಿತು ಎಂದು. ಚಪ್ಪಲಿಯನ್ನೇ ಬದಲಿಸಿದಳು.

ಎರಡನೆಯದು ದೊಡ್ಡ ಗಾಡಿ, ಹಿಂದೆ ಒರಗುದಿಂಬು ಬೇರೆ. “ಹತ್ತಿ ನೋಡಿ” ಎಂದಳು ಇವನಿಗೆ. ಅವನು ಮುಂದಿನ ಸೀಟಿಗೆ ಕಾಲೆತ್ತಿದ. ಅಭ್ಯಾಸ, ಇನ್ನೇನಲ್ಲ. “ಹಿಂದೆ” ಎಂದಳು. ಷೋರೂಮಿನಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ತಿರುಗಿ ನೋಡಿರಬೇಕು. ಪಕ್ಕ ಕಾಣದವನಿಗೆ ಒಂದು ಅನುಕೂಲವೂ ಇದೆ, ಯಾರು ನೋಡುತ್ತಿದ್ದಾರೆಂದು ತಿಳಿಯುವುದಿಲ್ಲ. ಒಂದು ಅನಾನುಕೂಲ, ಎಲ್ಲರೂ ನೋಡುತ್ತಿದ್ದಾರೆ ಎನ್ನಿಸುತ್ತದೆ. ನೋಡಲಿ. ನೋಡಿ ಹೊಟ್ಟೆ ತುಂಬಿಸಿಕೊಳ್ಳಲಿ. ಹಿಂದೆ ಹತ್ತಿ, ಒರಗುದಿಂಬಿಗೆ ಬೆನ್ನು ಕೊಟ್ಟು, ಸಿಂಹಾಸನದ ಮೇಲೆ ಕೂತವನ ಹಾಗೆ ಕೂತು ತೋರಿಸಿದ. ಸುಖವಾಗಿತ್ತು, ಸುಳ್ಳೇಕೆ. ಆದರೆ ಅವಳು ಮುಂದೆ ಕೂತಾಗ ಅವಳ ಕಾಲುಬೆರಳುಗಳು ಮಾತ್ರ ನೆಲ ಮುಟ್ಟಿದವು. “ಸೀಟು ಮೂವತ್ತೆರಡೂವರೆ ಎತ್ತರ. ನನಗಾಗಲ್ಲ. ನಾನು ಐವತ್ತೆರಡು ಕೆಜಿ, ಹಿಂದೆ ಎಂಬತ್ತಾರು. ನಿಲ್ಲಿಸಿದಾಗ ಹಿಂದಿನ ಭಾರ ಒಂದು ಕಡೆ ವಾಲಿದ್ರೆ ನಾನು ಕಾಲು ಪೂರ್ತಿ ಊರೋ ಹಾಗಿರಬೇಕು” ಎಂದು ಇಳಿದಳು. ಹಿಂದಿನ ಭಾರ. ಅವನಿಗೆ ಅದು ಹೊಸ ಹೆಸರು. ಎಂಟಪ್ಪನಿಗಿಂತ ಕೆಟ್ಟದ್ದೇನಲ್ಲ ಎಂದುಕೊಳ್ಳಲು ನೋಡಿದ, ಆಗಲಿಲ್ಲ.

ಮೂರನೆಯದು ಮೂಲೆಯಲ್ಲಿತ್ತು, ಕಡುಹಸಿರು ಬಣ್ಣದ್ದು, ಯಾವ ಆಡಂಬರವೂ ಇಲ್ಲದ್ದು. “ಇದು ಹಳೇ ಮಾದರಿ ಸಾರ್, ಯಾರೂ ಕೇಳಲ್ಲ” ಎಂದ ಸೇಲ್ಸ್‌ಮನ್. ಸೀಟು ಒಂದೇ ಉದ್ದ, ಮಣೆಯ ಹಾಗೆ ಸಮನಾಗಿ. ಅವಳು ಟೇಪು ಹಿಡಿದು ನೆಲದಲ್ಲೇ ಕೂತಳು. ಸೀಟಿನ ಎತ್ತರ, ಹಿಂದಿನ ಅರ್ಧದ ಉದ್ದ, ಸೀಟಿನಿಂದ ಹಿಂದಿನ ಕಾಲು ಇಡುವ ಕಡ್ಡಿಯವರೆಗೆ. ಕಡ್ಡಿಯಿಂದ ಸೈಲೆನ್ಸರ್ ಎಷ್ಟು ದೂರ ಎಂಬುದನ್ನು ಎರಡು ಸಲ. ಕ್ಯಾಲೆಂಡರಿನ ಹಾಳೆ ಬಿಡಿಸಿ ಇವನ ಕಾಲಿನ ಅಳತೆಯೊಂದಿಗೆ ತಾಳೆ ನೋಡಿದಳು. ಹಿಂದಿನ ಸ್ಪ್ರಿಂಗನ್ನು ಭಾರಕ್ಕೆ ತಕ್ಕ ಹಾಗೆ ಬಿಗಿ ಮಾಡಬಹುದೇ, ಹಿಡಿಕೆ ಬೋಲ್ಟಿನದೋ ವೆಲ್ಡಿಂಗಿನದೋ ಎಂದೆಲ್ಲ ಕೇಳಿದಳು. ಸೇಲ್ಸ್‌ಮನ್ ಉತ್ತರಗಳನ್ನೆಲ್ಲ ಇವನಿಗೇ ಹೇಳಿದ. ಹೇಳುತ್ತ ಹೇಳುತ್ತ ಇವನ ಮುಖವನ್ನು ದಿಟ್ಟಿಸಿ, “ಸಾರ್, ನೀವು... ಎಂಟಪ್ಪ ಸಾರ್ ಅಲ್ವಾ?” ಎಂದ.

ಅಲ್ಲ ಎನ್ನಬಹುದಿತ್ತು. “ಹೌದು” ಎಂದ. ಸೇಲ್ಸ್‌ಮನ್‌ಗೆ ಕೈಕಾಲು ನಿಲ್ಲಲಿಲ್ಲ. “ನನ್ನನ್ನ ಎರಡು ಸಲ ಫೇಲ್ ಮಾಡಿದ್ರಿ ಸಾರ್. ಆಗ ನಿಮ್ಮ ಮೇಲೆ ಎಷ್ಟು ಉರಿದಿತ್ತು ಗೊತ್ತಾ? ಆಮೇಲೆ ನಮ್ಮಣ್ಣ ಹೇಳ್ದ, ಸುಮ್ನಿರೋ, ಆ ಮನುಷ್ಯ ಕಟ್ಟಿಕೊಂಡ ಹೆಂಡತೀನೇ ಫೇಲ್ ಮಾಡಿದವನು, ನೀನ್ಯಾವ ಲೆಕ್ಕ ಅಂತ. ಅಂಥೋರು ಈಗೆಲ್ಲಿದ್ದಾರೆ ಸಾರ್? ನಾನು ನಮ್ಮ ಮಕ್ಕಳಿಗೂ ಇದೇ ಕಥೆ ಹೇಳೋದು. ನ್ಯಾಯ ಅಂದ್ರೆ ಎಂಟಪ್ಪ ಸಾರ್ ಅಂತ.” ಹೆಂಡತಿ ಟೇಪನ್ನು ಬೆರಳಿಗೆ ಸುತ್ತುತ್ತಿದ್ದಳು. ಪೂರ್ತಿ ಸುತ್ತಿ, ಚೀಲದೊಳಗಿಟ್ಟು, ಜಿಪ್ ಎಳೆದು, “ಆ ಹೆಂಡತಿ ನಾನೇ” ಎಂದಳು. ಸೇಲ್ಸ್‌ಮನ್ ನಾಲಿಗೆ ಕಚ್ಚಿಕೊಂಡ. ಆಮೇಲೆ “ನೀವೂ ಪುಣ್ಯವಂತರು ಮೇಡಂ” ಎಂದ.

ಅವತ್ತು ಪರೀಕ್ಷೆಗೆ ಮೂವತ್ತನಾಲ್ಕು ಜನ ಸರತಿಯಲ್ಲಿದ್ದರು. ಇಪ್ಪತ್ತಾರು ವರ್ಷದ ಹಿಂದಿನ ಆ ಬೆಳಿಗ್ಗೆಯ ಯಾವ ಪಕ್ಕವೂ ಅವನಿಗೆ ಮಸುಕಾಗಿಲ್ಲ. ಅವಳದು ಹನ್ನೊಂದನೆಯ ಸರದಿ. ಕಾರ್ಖಾನೆಯ ಎರಡನೆಯ ಶಾಖೆ ಊರಾಚೆ ತೆರೆದಿತ್ತು. ಕತ್ತರಿಸುವ ವಿಭಾಗಕ್ಕೆ ಅವಳನ್ನೇ ಮೇಲ್ವಿಚಾರಕಿ ಮಾಡುವುದೆಂದಾಗಿತ್ತು. ಪಾಳಿ ಬೆಳಿಗ್ಗೆ ಐದೂವರೆಗೆ, ಆ ಹೊತ್ತಿಗೆ ಬಸ್ಸಿಲ್ಲ, ಗಾಡಿ ಓಡಿಸಲು ಬಂದರೆ ಕೆಲಸ. ಇವನೇ ಕಲಿಸಿದ್ದ. ಚೆನ್ನಾಗಿ ಕಲಿತಿದ್ದಳು, ಎಂಟನ್ನು ಇವನಿಗಿಂತ ನಯವಾಗಿ ತಿರುಗಿಸುತ್ತಿದ್ದಳು. ಅವಳು ಬೈಕು ಹತ್ತುತ್ತಿದ್ದಂತೆ ಸರತಿಯಲ್ಲಿದ್ದವನೊಬ್ಬ ಪಕ್ಕದವನಿಗೆ, “ಸಾಹೇಬರ ಮನೆಯೋರು. ಕಣ್ಣು ಮುಚ್ಕೊಂಡು ಪಾಸು” ಎಂದ. ಇಬ್ಬರು ನಕ್ಕರು. ಅಷ್ಟೇ. ಎರಡು ನಗು. ಅವಳು ಎಂಟರ ನಡುವಿಗೆ ಬಂದಾಗ ಬೈಕು ಒಂದು ಕ್ಷಣ ನಿಧಾನವಾಗಿ, ಎಡಗಾಲು ಕಡ್ಡಿಯಿಂದ ಎದ್ದು, ನೆಲದ ಕಡೆ ಇಳಿದು, ಗಾಳಿಯಲ್ಲೇ ನಿಂತು, ಮತ್ತೆ ಮೇಲೆ ಹೋಯಿತು. ತಾಕಲಿಲ್ಲ. ಇವನು ನಾಲ್ಕು ಹೆಜ್ಜೆ ದೂರದಲ್ಲಿದ್ದ. ಆಗ ಎರಡೂ ಕಣ್ಣು ಸರಿಯಿದ್ದವು. ಕಾಲಿಗೂ ನೆಲಕ್ಕೂ ನಡುವೆ ಬೆಳಕು ಕಂಡಿತ್ತು, ಸುಣ್ಣದ ಗೆರೆ ಕಂಡಿತ್ತು, ಗೆರೆಯ ಮೇಲೆ ಹರಿಯುತ್ತಿದ್ದ ಒಂದು ಇರುವೆಯೂ ಕಂಡಿತ್ತು ಎಂದು ಬೇಕಾದರೆ ಆಣೆ ಮಾಡುತ್ತಾನೆ. ಕೈ ಬರೆಯಿತು: ಎಡಗಾಲು ನೆಲಕ್ಕೆ ತಾಕಿದೆ, ಅನುತ್ತೀರ್ಣ. ಎಲ್ಲರಿಗೂ ಹೇಳುವುದನ್ನೇ, ಎಲ್ಲರಿಗೂ ಹೇಳುವ ದನಿಯಲ್ಲೇ ಅವಳಿಗೂ ಹೇಳಿದ: “ಫೇಲು. ಮೂವತ್ತು ದಿನ ಬಿಟ್ಟು ಮತ್ತೆ ಬರಬಹುದು.” ನಕ್ಕಿದ್ದ ಇಬ್ಬರ ಬಾಯಿ ಮುಚ್ಚಿತ್ತು. ಆ ಮೌನ ಎಷ್ಟು ರುಚಿಯಾಗಿತ್ತೆಂದರೆ, ಅವಳು ಹೆಲ್ಮೆಟ್ ತೆಗೆದು ತನ್ನ ಮುಖವನ್ನು ನೋಡಿದ್ದು ಅವನಿಗೆ ತಡವಾಗಿ ಗೊತ್ತಾಯಿತು.

ಸಂಜೆ ಬಡಿಸುತ್ತ ಒಂದೇ ಮಾತು ಕೇಳಿದಳು. “ತಾಕಿತಾ?” “ತಾಕಿತು.” “ಸರಿ.” ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ, ಇವರದು ಜಗಳವೇ ಆಗಲಿಲ್ಲ, ಆದ್ದರಿಂದ ಮುಗಿಯಲೂ ಇಲ್ಲ. ಮೂವತ್ತು ದಿನ ಕಳೆಯಿತು, ಅವಳು ಅರ್ಜಿ ಹಾಕಲಿಲ್ಲ. ಮೇಲ್ವಿಚಾರಕಿ ಕೆಲಸಕ್ಕೆ ಇನ್ನೊಬ್ಬಳು ಹೋದಳು. ಅವಳ ಕೆಳಗೆ ಕೆಲಸ ಕಲಿತವಳೇ. ಇವನ ಹೆಸರು ಮಾತ್ರ ಕಚೇರಿಯಿಂದ ಕಚೇರಿಗೆ ಹಬ್ಬಿತು. ನಿವೃತ್ತಿಯ ದಿನ ಐದು ಜನ ಭಾಷಣ ಮಾಡಿದರು, ಐವರೂ ಅದೇ ಕಥೆ ಹೇಳಿದರು, ಒಬ್ಬನಂತೂ ಕಣ್ಣೀರು ಒರೆಸಿಕೊಂಡ. ಅವಳು ಮೊದಲ ಸಾಲಿನಲ್ಲಿ ಕೂತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವಳೂ ತಟ್ಟಿದಳು, ನಾಲ್ಕು ಸಲ. ಅವನು ಎಣಿಸಿದ್ದ. ಹೇಳಿಬಿಡಬೇಕು ಎಂದು ಎಷ್ಟು ಸಲ ಬಾಯಿ ತೆರೆದಿಲ್ಲ. ಪ್ರತಿ ಸಲವೂ ಬಾಯಿಂದ ಬಂದದ್ದು ಉಪ್ಪು ಕೊಡು, ಕಿಟಕಿ ಹಾಕು, ನಾಳೆ ಎಷ್ಟು ಹೊತ್ತಿಗೆ ಹೊರಡ್ತೀಯ. ಹೇಳಿದರೆ ಉಳಿಯುವುದೇನು? ಕಣ್ಣು ಹೋಯಿತು, ಗಾಡಿ ಹೋಯಿತು, ಕುರ್ಚಿ ಹೋಯಿತು. ಉಳಿದದ್ದು ಆ ಒಂದು ಕಥೆ, ಅದೂ ಅವಳ ಕಾಲ ಮೇಲೆ ನಿಂತದ್ದು.

“ಓಡಿಸಿ ನೋಡಬೇಕು” ಎಂದಳು ಹೆಂಡತಿ. “ಧಾರಾಳವಾಗಿ ಸಾರ್” ಎಂದ ಸೇಲ್ಸ್‌ಮನ್. “ಈ ರಸ್ತೇಲಿ ಒಂದು ಸುತ್ತು...” “ರಸ್ತೇಲಿ ನೆಟ್ಟಗೆ ಯಾರು ಬೇಕಾದ್ರೂ ಓಡಿಸ್ತಾರೆ. ಹಿಂದೆ ಇವರನ್ನ ಕೂರಿಸ್ಕೊಂಡು ಎಂಟು ಹೊಡೀಬೇಕು. ತಿರುವಲ್ಲಿ ಭಾರ ಹೇಗೆ ಬರುತ್ತೆ ಅಂತ ನೋಡ್ದೆ ನಾನು ಗಾಡಿ ತಗೊಳ್ಳಲ್ಲ.” ಪರೀಕ್ಷೆಯ ಮೈದಾನ ರಸ್ತೆಯಾಚೆ, ಕೂಗಳತೆಯ ದೂರ. ಷೋರೂಮನ್ನು ಇಲ್ಲಿ ಇಟ್ಟದ್ದೇ ಅದಕ್ಕೆ. ಗಂಡ ಗಾಜಿನ ಬಾಗಿಲ ಕಡೆ ತಿರುಗಿದ. “ಅಲ್ಲೇ ಆಗಬೇಕಾ?” ಎಂದ. ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ ಅವನನ್ನು ನೇರವಾಗಿ, ಅವನಿಗೆ ಕಾಣುವ ಜಾಗದಲ್ಲೇ ನಿಂತು, ನೋಡಿದಳು. “ಬೇರೆ ಎಲ್ಲಿ ಎಂಟಿದೆ?” ಎಂದಳು.

ತಾನೂ ಒಂದು ಹೆಲ್ಮೆಟ್ ಹಾಕಿಕೊಂಡು ಹತ್ತಿ ಕೂತ. ಮುಂದೆ ಅವಳ ಹೆಲ್ಮೆಟ್ಟಿನ ಕಪ್ಪು ಗುಂಡು ಬೆನ್ನು, ಅಷ್ಟೇ ಲೋಕ. ಕಡ್ಡಿಗಳು ಕಾಲಿಗೆ ಸರಿಯಾಗಿ ಸಿಕ್ಕಿದವು. ಮಂಡಿ ಎದೆಗೆ ಬರಲಿಲ್ಲ, ತೊಡೆ ಜಗ್ಗಲಿಲ್ಲ. ತನ್ನನ್ನು ಅಳೆದೇ ಮಾಡಿದ ಹಾಗಿತ್ತು. ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದಿನ ಕಬ್ಬಿಣವನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದ, ಅವಳು ಹಿಡಿಯುತ್ತಿದ್ದ ಹಾಗೆ. ಬೈಕು ಹೊರಟಿತು. ಗಾಡಿ ತನ್ನ ಕೈಯಲ್ಲಿಲ್ಲದೆ ಚಲಿಸುವುದನ್ನು ಅವನು ಬಲ್ಲವನಲ್ಲ. ಅವಳು ಯಾವಾಗ ಬ್ರೇಕು ಒತ್ತುತ್ತಾಳೆ, ಯಾವಾಗ ತಿರುಗಿಸುತ್ತಾಳೆ, ಮುಂದೆ ಏನಿದೆ, ಒಂದೂ ತಿಳಿಯದು. ರಸ್ತೆ ದಾಟುವಾಗ ಎಡಗಡೆಯಿಂದ ಲಾರಿಯ ಸದ್ದು ಬಂತು. ಕಾಣದ ಲಾರಿ. ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿತು. ಇಷ್ಟು ವರ್ಷ ಇವಳು ಹೀಗೆಯೇ, ಒಂದು ಕಡೆಗೆ ಮುಖ ಮಾಡಿ, ನಂಬಿ ಕೂತಿದ್ದಳೇ? ನಂಬಿ ಕೂತಿದ್ದಳೋ, ಬೇರೆ ದಾರಿಯಿಲ್ಲದೆ ಕೂತಿದ್ದಳೋ. ಎರಡರಲ್ಲಿ ಯಾವುದೆಂದು ಕೇಳುವ ಮುಖ ತನಗಿಲ್ಲ ಎನ್ನಿಸಿತು.

ಮೈದಾನದಲ್ಲಿ ಅವತ್ತೂ ಪರೀಕ್ಷೆಯಿತ್ತು. ಈಗಿನ ಇನ್ಸ್‌ಪೆಕ್ಟರ್ ಇವನ ಕೈಕೆಳಗೆ ಆರು ವರ್ಷ ಪಳಗಿದವನು. ಗುರುತು ಹಿಡಿದು ಓಡಿ ಬಂದ. “ಸಾರ್, ನೀವಾ? ಏನ್ ಸಾರ್ ಇದು, ಹಿಂದೆ ಕೂತಿದ್ದೀರಿ?” ಎಂದ. “ಹಿಂದಿನ ಸೀಟು ನೋಡ್ತಾ ಇದ್ದೀನಿ” ಎಂದ ಇವನು, ಸಾಕಷ್ಟು ಗಟ್ಟಿಯಾಗಿ. ಹೆಂಡತಿ ಕೆಲಸದ ಮಾತನ್ನು ಎರಡೇ ವಾಕ್ಯದಲ್ಲಿ ಹೇಳಿದಳು. ಇನ್ಸ್‌ಪೆಕ್ಟರ್ ಸರತಿಯನ್ನು ನಿಲ್ಲಿಸಿದ. ಇಪ್ಪತ್ತು ಜನವಿರಬಹುದು, ಇವನಿಗೆ ಕಂಡದ್ದು ಒಂದು ಮೀಸೆ, ಒಂದು ಹಳದಿ ಅಂಗಿ. “ನೋಡ್ಕೊಳ್ರಪ್ಪ, ಇವರೇ ನಮ್ಮ ಗುರುಗಳು” ಎಂದು ಇನ್ಸ್‌ಪೆಕ್ಟರ್ ಅವರಿಗೆ ಹೇಳುವುದು ಕೇಳಿಸಿತು. ಹಿಂದೆಯೇ ನಡೆದು ಬಂದಿದ್ದ ಸೇಲ್ಸ್‌ಮನ್ ಉಳಿದ ಕಥೆಯನ್ನು ಪೂರ್ತಿ ಮಾಡುತ್ತಿದ್ದ. ಸ್ವಂತ ಹೆಂಡತಿ. ಇದೇ ಮೈದಾನ.

ಅವಳು ಎಂಟಿನೊಳಗೆ ಇಳಿದಳು. ಮೊದಲ ಸುತ್ತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಅವನಿಗೆ ನೆಲ ಕಾಣುತ್ತಿರಲಿಲ್ಲ, ಗೆರೆ ಕಾಣುತ್ತಿರಲಿಲ್ಲ. ಮೈಗೆ ಮಾತ್ರ ಎಲ್ಲ ತಿಳಿಯುತ್ತಿತ್ತು: ಈಗ ಎಡಕ್ಕೆ ವಾಲಿತು, ಈಗ ನೆಟ್ಟಗಾಯಿತು, ಈಗ ನಡುವಿಗೆ ಬಂತು, ಗೆರೆಗಳೆರಡು ಒಂದನ್ನೊಂದು ದಾಟುವ ಜಾಗಕ್ಕೆ. ಅಲ್ಲಿ ಅವಳು ನಿಧಾನ ಮಾಡಿದಳು, ಬೇಕೆಂದೇ, ಬಹಳ ನಿಧಾನ. ಬೈಕು ಬಲಕ್ಕೆ ವಾಲಿತು. ಇವನಾಗಿದ್ದರೆ ಆಕ್ಸಿಲರೇಟರ್ ಕೊಡುತ್ತಿದ್ದ. ಅವಳು ಕೊಡಲಿಲ್ಲ. ಕೊಡು, ಕೊಡು ಎಂದು ಅವನ ಖಾಲಿ ಮುಷ್ಟಿ ಬೆನ್ನ ಹಿಂದೆ ತಿರುಗಿತು. ಬೀಳುತ್ತೇವೆ, ಎಲ್ಲರೆದುರು ಬೀಳುತ್ತೇವೆ ಎಂದುಕೊಳ್ಳುವಷ್ಟರಲ್ಲಿ ಅವನ ಬಲಗಾಲು ತಾನಾಗಿ ಕಡ್ಡಿ ಬಿಟ್ಟು ಇಳಿದು, ಹಿಮ್ಮಡಿ ದಪ್ಪನೆ ನೆಲಕ್ಕೆ ಬಡಿಯಿತು. ಬೈಕು ತೂಗಾಡಿತು. ಅವಳು ಸಂಭಾಳಿಸಿ, ಉಳಿದ ಅರ್ಧ ಸುತ್ತನ್ನು ಮುಗಿಸಿ, ಶುರು ಮಾಡಿದ ಜಾಗಕ್ಕೆ ತಂದು ನಿಲ್ಲಿಸಿದಳು. ಎರಡೂ ಕಾಲು ಪೂರ್ತಿ ಊರಿ.

ಯಾರೋ ನಕ್ಕರು. ಒಬ್ಬರು, ಆಮೇಲೆ ಇನ್ನೊಬ್ಬರು. ಇನ್ಸ್‌ಪೆಕ್ಟರ್ ಸರತಿಯನ್ನು ಗದರಿಸಿ, ಹತ್ತಿರ ಬಂದು ಅಕ್ಕರೆಯಿಂದಲೇ ಹೇಳಿದ: “ತಾಕ್ಲಿಲ್ಲ ಬಿಡಿ ಸಾರ್. ನಾನು ನೋಡೇ ಇಲ್ಲ. ನಿಮ್ಮ ಕಾಲು ತಾಕಿದ್ರೂ ತಾಕಿದ ಹಾಗಲ್ಲ.” ಇವನ ಹಿಮ್ಮಡಿ ಇನ್ನೂ ಜುಮ್ಮೆನ್ನುತ್ತಿತ್ತು. ಎಂಥ ಸುಲಭ. ಒಂದು ಕಾಲು ತಾಕಿದರೂ ತಾಕುವುದಿಲ್ಲ, ಒಂದು ಕಾಲು ತಾಕದಿದ್ದರೂ ತಾಕುತ್ತದೆ, ನಡುವೆ ಒಬ್ಬ ಮನುಷ್ಯ ಪೆನ್ನು ಹಿಡಿದು ನಿಂತರೆ ಸಾಕು. ಹೂಂ ಎಂದು ಇಳಿದುಬಿಡಬಹುದಿತ್ತು. ಮನೆಗೆ ಹೋಗಿ ಊಟ ಮಾಡಬಹುದಿತ್ತು. ಅವನು ಹೆಲ್ಮೆಟ್ ತೆಗೆದ. ಪಟ್ಟಿ ಕಿವಿಗೆ ಸಿಕ್ಕಿಕೊಂಡಿತು, ಎಳೆದ. ಇಳಿಯಲಿಲ್ಲ, ಹಿಂದಿನ ಸೀಟಿನಲ್ಲೇ ಕೂತು, ಆ ಮೀಸೆಯೂ ಆ ಹಳದಿ ಅಂಗಿಯೂ ಕೇಳುವ ಹಾಗೆ, ಪರೀಕ್ಷೆಯ ಫಲಿತಾಂಶ ಹೇಳುವ ತನ್ನ ಹಳೆಯ ದನಿಯಲ್ಲಿ ಹೇಳಿದ.

“ತಾಕಿತು. ಬರ್ಕೋ. ಇವತ್ತು ತಾಕಿದ್ದು ನನ್ನ ಕಾಲು. ಇಪ್ಪತ್ತಾರು ವರ್ಷದ ಹಿಂದೆ ಇದೇ ಜಾಗದಲ್ಲಿ ಇವಳ ಕಾಲು ತಾಕಿರ್ಲಿಲ್ಲ. ನಾನು ಇಲ್ಲೇ ನಿಂತಿದ್ದೆ, ನೋಡ್ದೆ. ತಾಕಿತು ಅಂತ ಸುಳ್ಳು ಬರೆದೆ.”

“ಬಿಡಿ ಸಾರ್, ಹಳೇ ಕಥೆ ಈಗ್ಯಾಕೆ” ಎಂದ ಇನ್ಸ್‌ಪೆಕ್ಟರ್, ಅತ್ತಿತ್ತ ನೋಡುತ್ತ.

“ಹಳೇದಾದ್ರೆ ನಿಜ ಆಗುತ್ತಾ? ನೀವೆಲ್ಲ ನನಗೆ ಶಾಲು ಹೊದಿಸಿದ್ರಲ್ಲ, ಅದು ಈ ಸುಳ್ಳಿಗೆ. ಇಬ್ಬರು ನಕ್ಕರು ಅಂತ ಬರೆದ ಸುಳ್ಳು. ಇನ್ನೊಂದು ಸಲ ಯಾರಾದ್ರೂ ಆ ಕಥೆ ಹೇಳಿದ್ರೆ ಪೂರ್ತಿ ಹೇಳಿ.”

ಸರತಿ ಸುಮ್ಮನಿತ್ತು. ಇದು ಆವತ್ತಿನಂಥ ಮೌನವಲ್ಲ, ಇದರಲ್ಲಿ ಯಾವ ರುಚಿಯೂ ಇರಲಿಲ್ಲ. ಬೈಕಿನ ಎಂಜಿನ್ ಇನ್ನೂ ಆಡುತ್ತಿತ್ತು. ಅವಳು ತಿರುಗಲಿಲ್ಲ. ಅವಳ ಮುಖ ಹೇಗಿದೆಯೆಂದು ತಿಳಿಯುವ ಉಪಾಯ ಅವನಿಗಿರಲಿಲ್ಲ. ಹೆಲ್ಮೆಟ್ಟಿನ ಕಪ್ಪು ಬೆನ್ನನ್ನೇ ನೋಡುತ್ತ ಕೂತ. ಅವಳು ಇಳಿದು ನಡೆದು ಹೋದರೂ ಸರಿ, ತನ್ನನ್ನು ಇಳಿಸಿ ಹೋದರೂ ಸರಿ, ಬಸ್ ಸ್ಟಾಪು ಎಲ್ಲಿದೆಯೆಂದು ತಡಕಾಡಿಯಾದರೂ ಹುಡುಕಿಕೊಳ್ಳುತ್ತೇನೆ, ಆದರೆ ಹೇಳಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಹಲ್ಲು ಕಚ್ಚಿ ಕೂತ.

“ಮೂರೂವರೆ ಇಂಚು” ಎಂದಳು ಅವಳು.

ಸೀಟಿನ ಅಳತೆಯೋ ಏನೋ ಎಂದು ಅವನು ಮುಂದಕ್ಕೆ ಬಾಗಿದ.

“ನೆಲದಿಂದ ಮೂರೂವರೆ ಇಂಚು ಮೇಲಿತ್ತು. ನನ್ನ ಕಾಲು ಎಲ್ಲಿದೆ ಅಂತ ನನಗೆ ಗೊತ್ತಿರಲ್ವಾ? ತಾಕಿತಾ ಅಂತ ಕೇಳಿದ್ದು ನನಗೆ ಗೊತ್ತಿಲ್ದೆ ಅಲ್ಲ.” ದನಿಯಲ್ಲಿ ಅಳುವಿರಲಿಲ್ಲ, ಕೋಪವಿತ್ತು, ಬಹಳ ದಿನ ಮಡಿಸಿಟ್ಟು ಗೆರೆ ಬಿದ್ದಿದ್ದ ಕೋಪ. “ಕಾಲು ಮೇಲಿಡಿ. ಆ ಕಬ್ಬಿಣ ಬಿಡಿ, ಅದನ್ನ ಹಿಡಿದ್ರೆ ಭಾರ ಹಿಂದಕ್ಕೆ ಜಗ್ಗುತ್ತೆ, ನನಗೆ ತಿರುಗಿಸೋಕಾಗಲ್ಲ. ನನ್ನ ಸೊಂಟ ಹಿಡ್ಕೊಳ್ಳಿ. ನಾನು ವಾಲಿದ ಕಡೆ ನೀವೂ ವಾಲಬೇಕು. ನಿಮ್ಮ ಬುದ್ಧಿ ಉಪಯೋಗಿಸಬೇಡಿ.”

ಅವನು ಹೆಲ್ಮೆಟ್ ಹಾಕಿಕೊಂಡ. ಬಗ್ಗಿ ನೋಡಿ ಕಡ್ಡಿಯ ಮೇಲೆ ಕಾಲಿಟ್ಟ. ಇಪ್ಪತ್ತು ಜನರೆದುರು, ತನ್ನ ಶಿಷ್ಯನೆದುರು, ಎರಡೂ ಕೈಗಳಿಂದ ಹೆಂಡತಿಯ ಸೊಂಟ ಹಿಡಿದ. ನೋಡುವವರು ನೋಡಿಕೊಳ್ಳಲಿ. ಬೈಕು ಹೊರಟಿತು. ಎಡಕ್ಕೆ ವಾಲಿದಳು, ವಾಲಿದ. ಬಲಕ್ಕೆ ವಾಲಿದಳು, ವಾಲಿದ. ಆ ಜಾಗಕ್ಕೆ ಬಂದಾಗ ಮತ್ತೆ ನಿಧಾನ ಮಾಡಿದಳು, ಮೊದಲಿಗಿಂತಲೂ ನಿಧಾನ, ಬೈಕು ಇನ್ನೇನು ನಿಂತೇಹೋಯಿತು ಎನ್ನುವಷ್ಟು. ಅವನ ಬಲಗಾಲು ಕಡ್ಡಿಯ ಮೇಲೆ ಮಿಡುಕಿತು. ಅಲ್ಲೇ ಇಟ್ಟುಕೊಂಡ. ಅವಳ ಎಡಗಾಲೂ ಅಲುಗಲಿಲ್ಲ ಎಂಬುದು ಕಾಣದಿದ್ದರೂ ಅವನ ಕೈಗಳಿಗೆ ತಿಳಿಯಿತು, ಸೊಂಟದ ಆ ಕಡೆಯ ಸ್ನಾಯು ಸುಮ್ಮನಿತ್ತು. ಎಂಟನ್ನು ಪೂರ್ತಿ ಮಾಡಿ, ಮತ್ತೊಂದು ಎಂಟು ಹೊಡೆದು, ಸರತಿಯ ಮುಂದೆ ತಂದು ನಿಲ್ಲಿಸಿದಳು.

ಸೇಲ್ಸ್‌ಮನ್ ಹತ್ತಿರ ಬಂದ. ಇವನ ಕಡೆ ನೋಡಲು ಹೋಗಿ, ನೋಡದೆ, ಅವಳ ಕಡೆಗೇ ತಿರುಗಿ, “ಹೇಗಿದೆ ಮೇಡಂ ಗಾಡಿ?” ಎಂದ.

“ಗಾಡಿ ಪಾಸು. ಇದನ್ನೇ ಬರ್ಕೊಳ್ಳಿ” ಎಂದಳು. ಆಮೇಲೆ, ತಲೆಯನ್ನು ಅರ್ಧ ಮಾತ್ರ ಹಿಂದಕ್ಕೆ ತಿರುಗಿಸಿ, ಇವನಿಗೆ ಗೊತ್ತಿದ್ದ ಒಂದು ದನಿಯಲ್ಲಿ ಹೇಳಿದಳು: “ಹಿಂದೆ ಕೂತೋರು ಫೇಲು. ಮೂವತ್ತು ದಿನ ಬಿಟ್ಟು ಮತ್ತೆ ಬರಬಹುದು.”

“ಬರ್ತೀನಿ” ಎಂದ ಅವನು, ಕೈ ತೆಗೆಯದೆ.